ಈಸ್ಟರಿಗೆ ಸಾಕಿದ ಹುಂಜ

ಕೋಪ ನನಗೆ ಮೂಗಿನ ತುದಿಯಲ್ಲೇ. ಈಗ ಹಲ್ಲೆಲ್ಲ ಉದುರಿದ ಮೇಲೂ ಅದೊಂದು ಮಾತ್ರ ಉದುರಿಲ್ಲ.

ಪುತ್ತೂರಿನಲ್ಲಿ ಬೆಳೆದ ನಾನು ಮದುವೆಯಾಗಿ ಕಡಬದ ಕಡೆಯ ಒಂದು ಹಳ್ಳಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಆ ಸುತ್ತಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗಂಡ ಕಾಡಿನಲ್ಲಿ ಮರ ಕಡಿಸುವ ಕೂಪಿನಲ್ಲಿ ಮೇಸ್ತ್ರಿ, ವಾರಕ್ಕೊಮ್ಮೆ ಮನೆಗೆ ಬರುವವರು. ಉಳಿದ ದಿನ ಅತ್ತೆ ಮತ್ತು ನಾನು. ನಮ್ಮ ಮನೆಮಾತು ತುಳು, ಪ್ರಾರ್ಥನೆ ಮಾತ್ರ ಕನ್ನಡ. ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆಗಳನ್ನು ಗಂಜಿ ಉಕ್ಕುವುದರೊಳಗೆ ಹೇಳಿ ಮುಗಿಸುತ್ತಿದ್ದೆ. ಕಣ್ಣು ಮುಚ್ಚಿರುತ್ತಿತ್ತು, ಕಿವಿ ಒಲೆಯ ಕಡೆಗಿರುತ್ತಿತ್ತು.

ಪುತ್ತೂರಿನ ನಮ್ಮ ಸಭೆಯಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವುದು, ವರ್ಷಕ್ಕೆ ಕೆಲವೇ ಸಲ, ಈಸ್ಟರಿಗೆ ಮಾತ್ರ ತಪ್ಪದೆ. ಹಿಂದಿನ ದಿನ ಸಂಜೆ ಸಿದ್ಧತೆಯ ಆರಾಧನೆ. ಯಾರ ಮೇಲಾದರೂ ಕೋಪ ಇಟ್ಟುಕೊಂಡವರು ಮೇಜಿನ ಹತ್ತಿರ ಬರಬಾರದು ಎಂದು ಅಯ್ಯನವರು, ಅಂದರೆ ಸಭೆಯ ಪಾಲಕರು, ಎಚ್ಚರಿಸುತ್ತಿದ್ದರು. ಹಾಗಾಗಿ ಆ ಶನಿವಾರ ಪುತ್ತೂರಿನಲ್ಲಿ ರಾಜಿಯ ಗಡಿಬಿಡಿ. ಕ್ರಿಸ್ಮಸ್ಸಿನಿಂದ ಮಾತು ಬಿಟ್ಟ ಹೆಂಗಸರು ಇಗರ್ಜಿಯ ಮೆಟ್ಟಿಲಲ್ಲೇ ಕೈ ಹಿಡಿದುಕೊಳ್ಳುವರು. ಸೋಮವಾರ ಪುನಃ ಶುರು, ಅದು ಬೇರೆ ಮಾತು.

ಅರುವತ್ತರ ಆಚೀಚೆಯ ಒಂದು ವರ್ಷ, ಈಸ್ಟರಿಗೆ ನಾಲ್ಕು ದಿನ ಇರುವಾಗ ಪಕ್ಕದ ಮನೆಯ ಹುಂಜ ಬೇಲಿ ನುಸುಳಿ ಬಂದು ನನ್ನ ಹರಿವೆ ಸೊಪ್ಪಿನ ಸಾಲನ್ನೆಲ್ಲ ಕೆದರಿ ಹಾಕಿತು. ದಿನಾ ಬಾವಿಯಿಂದ ನೀರು ಸೇದಿ ಬೆಳೆಸಿದ ಹರಿವೆ! ಕೈಗೆ ಸಿಕ್ಕಿದ ಸೌದೆ ತುಂಡನ್ನು ಬೀಸಿ ಒಗೆದೆ. ಹುಂಜದ ಕಾಲು ಮುರಿಯಿತು.

ಪಕ್ಕದವರು ಅರೆಭಾಷೆ ಆಡುವ ಗೌಡರು. ಆ ಮನೆಯಾಕೆ ಓಡಿ ಬಂದು ಹುಂಜವನ್ನು ಎತ್ತಿಕೊಂಡು ಅತ್ತೇಬಿಟ್ಟರು. ಅವರ ಮಗಳಿಗೆ ಮಳೆಗಾಲದಲ್ಲಿ ಜ್ವರ ಏರಿದಾಗ ನಾವು ಭೂತ ಎನ್ನುವ ಮನೆಯ ದೈವಕ್ಕೆ ಹರಕೆ ಹೇಳಿ ಬಿಟ್ಟ ಹುಂಜವಂತೆ ಅದು. ಮುಂದಿನ ವಾರ ಒಪ್ಪಿಸಬೇಕಿತ್ತು. ಊನವಾದದ್ದನ್ನು ದೈವಕ್ಕೆ ಕೊಡುವ ಹಾಗಿಲ್ಲ.

"ಭೂತದ ಕೋಳಿಯಾದರೆ ಭೂತವೇ ಕಾಯ್ಲಿ, ನನ್ನ ಹರಿವೆ ತಿನ್ನುದು ಯಾಕೆ?" ಎಂದುಬಿಟ್ಟೆ. ಅವರು ಹುಂಜವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಶನಿವಾರ ಬೆಳಿಗ್ಗೆ ಪುತ್ತೂರಿನ ಬಸ್ಸಿಗೆ ಹೊರಡಲು ನಾನು ಸೀರೆ ಮಡಚುತ್ತಿದ್ದೆ. ಅತ್ತೆ ಜಗಲಿಯಿಂದಲೇ ಕೇಳಿದರು. "ಯಾರ ಹತ್ರವೂ ಜಗಳ ಇಲ್ಲ ಅಲ್ವಾ?"

"ಸಭೆಯಲ್ಲಿ ಯಾರ ಹತ್ರವೂ ಇಲ್ಲ."

"ಬೇಲಿಯ ಆಚೆ?"

"ಅವರು ನಮ್ಮ ಸಭೆಯವರಲ್ಲವಲ್ಲ ಅತ್ತೆ! ಅದು ಲೆಕ್ಕಕ್ಕೆ ಬರುದಿಲ್ಲ."

ನಿಜವಾಗಿ ನಾನು ಹಾಗೆಯೇ ನಂಬಿದ್ದೆ.

"ಎಂತ ಮಾರಾಯ್ತಿ ನೀನು! ಕಾಣಿಕೆ ಇಡುವ ಮೊದಲು ಹೋಗಿ ರಾಜಿ ಮಾಡಿಕೋ ಅಂತ ಕರ್ತನು ಹೇಳಿದ್ದು. ಅವರ ಹೆಸರು ಸಭೆಯ ಪುಸ್ತಕದಲ್ಲಿ ಉಂಟಾ ನೋಡು ಅಂತ ಹೇಳ್ಲಿಲ್ಲ. ಅವಳ ಕಾಣಿಕೆ ಮುರಿದು ಹಾಕಿ ನೀನು ನಿನ್ನ ಕಾಣಿಕೆ ಹಿಡ್ಕೊಂಡು ಹೋಗುದಾ? ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರ್ತದಾ? ಈಸ್ಟರಿನ ಅಡುಗೆಗೆ ಅಂತ ಸಾಕಿದ ನಮ್ಮ ಹುಂಜ ಉಂಟಲ್ಲ, ಅದನ್ನು ಕೊಟ್ಟು ಬಾ."

ನಾನು ಸೀರೆ ಕೈಯಲ್ಲಿ ಹಿಡಿದುಕೊಂಡೇ ಜಗಲಿಗೆ ಬಂದೆ. "ಭೂತಕ್ಕೆ ಕೋಳಿ ಕೊಟ್ಟದ್ದು ಗೊತ್ತಾದ್ರೆ ಅಯ್ಯನವರು ನನ್ನನ್ನು ಭೋಜನಕ್ಕೆ ಸೇರಿಸ್ತಾರಾ?"

"ನೀನು ಭೂತಕ್ಕೆ ಕೊಡುದಲ್ಲ, ಮುರಿದದ್ದಕ್ಕೆ ಬದಲು ಕೊಡುದು. ಅವಳು ಎಂತ ಮಾಡ್ತಾಳೆ, ಅದು ಅವಳದ್ದು. ಅಯ್ಯನವರು ಕೇಳಿದ್ರೆ ಹೇಳು."

ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಅಂಗಳಕ್ಕೆ ಹೋದೆ. ಮಗು ಜಗಲಿಯಲ್ಲಿ ಕೂತು ಪುಳಿಂಕೊಟೆ ಆಡುತ್ತಿತ್ತು, ಹುಣಸೆ ಬೀಜದ ಆಟ. ತಾಯಿಯ ಮುಖ ಮೂರು ದಿನದಲ್ಲಿ ಇಳಿದುಹೋಗಿತ್ತು. ಸಿಟ್ಟಲ್ಲ ಅದು, ಹೆದರಿಕೆ. ಹರಕೆ ತಪ್ಪಿತು, ಜ್ವರ ತಿರುಗಿ ಬಂದರೆ ಎಂಬ ಹೆದರಿಕೆಯಲ್ಲಿ ಆ ತಾಯಿ ನಿದ್ದೆ ಮಾಡಿರಲಿಲ್ಲ. ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

"ತಪ್ಪಾಯ್ತು ಅಕ್ಕ," ಎಂದೆ. ಹುಂಜವನ್ನು ಅವರ ಕೈಗೆ ಕೊಟ್ಟೆ.

ಅವರು ಹುಂಜದ ಕಾಲು, ರೆಕ್ಕೆ, ಜುಟ್ಟು ಎಲ್ಲ ನೋಡಿ ಬುಟ್ಟಿಯ ಅಡಿಗೆ ಹಾಕಿದರು. ಆಮೇಲೆ ಮೆಲ್ಲಗೆ, "ಬದಲಿ ಕೊಟ್ರೆ ದೈವ ಒಪ್ತದೋ ಇಲ್ವೋ, ನಂಗೊತ್ತಿಲ್ಲ. ನೀವು ಇವತ್ತು ನಿಮ್ಮ ದೇವರ ಹತ್ರ ಹೋಗುದಲ್ವಾ? ಇವಳಿಗೆ ಎಂತದೂ ಆಗದ ಹಾಗೆ ಒಂದು ಮಾತು ಹೇಳಿ ಮಾರಾಯ್ರೆ," ಎಂದರು.

ಪುತ್ತೂರಿನಲ್ಲಿ ಆ ಸಂಜೆ ಮೊಣಕಾಲೂರಿದಾಗ ಬಾಯಿಪಾಠದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಮನಸ್ಸಿನೊಳಗೆ ತುಳುವಿನಲ್ಲೇ ಬೇಡಿದೆ, ಜಗಳ ಆಡುವ ಅದೇ ತುಳುವಿನಲ್ಲಿ. ನನ್ನ ಸಿಟ್ಟಿಗೆ ಪಕ್ಕದ ಮನೆಯ ಮಗುವನ್ನು ದಂಡಿಸಬೇಡ ಕರ್ತನೇ ಎಂದೆ. ಅಷ್ಟು ವರ್ಷ ಇಗರ್ಜಿಗೆ ಹೋಗಿದ್ದರೂ ನಿಜವಾಗಿ ಆರಾಧಿಸಿದ್ದು ಅಂದೇ ಎಂದು ನನಗನ್ನಿಸುತ್ತದೆ. ಮರುದಿನ ರೊಟ್ಟಿಗೆ ಕೈ ಚಾಚಿದಾಗ ಮನಸ್ಸು ಹಗುರವಾಗಿತ್ತು. ಅಯ್ಯನವರು ಹುಂಜದ ಸುದ್ದಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಬಸ್ಸಿಳಿದು ಬರುವಾಗ ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ಬೇಲಿಯ ಹತ್ತಿರ ಕಾಯುತ್ತಿದ್ದರು.

"ಹೇಳಿದ್ರಾ?"

"ಹೇಳಿದೆ ಅಕ್ಕ."

"ಹೆಸರು ಹೇಳಿದ್ರಾ?"

ಎರಡು ವರ್ಷದಿಂದ ಆ ಮಗುವನ್ನು ಬೇಲಿಯಾಚೆ ನೋಡುತ್ತಿದ್ದೆ. 'ಪುಟ್ಟಿ' ಎಂದು ಕರೆಯುವುದು ಕೇಳಿದ್ದೆ, ಅದು ಮನೆಮನೆಯಲ್ಲೂ ಇರುವ ಪುಟ್ಟಿ. ನಿಜವಾದ ಹೆಸರು ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಆಗಲೇ ಕೇಳಿಕೊಂಡೆ. ಸಂಜೆ ಮನೆಯ ಪ್ರಾರ್ಥನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅತ್ತೆ ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿದರು, ಪುನಃ ಮುಚ್ಚಿ "ಆಮೆನ್" ಎಂದರು.

ಪುಟ್ಟಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಪ್ರಾರ್ಥನೆಯಲ್ಲಿ ನನ್ನ ಮಕ್ಕಳ ಹೆಸರು ಹೇಳುವ ಮೊದಲು ಇಂದಿಗೂ ಅವಳ ಹೆಸರು ಹೇಳುತ್ತೇನೆ. ನನ್ನ ಮಕ್ಕಳು ಹುಟ್ಟಿದ್ದು ಆಮೇಲೆ. ದೇವರ ಮುಂದೆ ಹೇಳಲೆಂದು ನಾನು ಮೊದಲು ಕಲಿತ ಹೆಸರು ಅವಳದ್ದೇ.