ಕೊಬ್ಬರಿ ವಾಸನೆಯ ಪೆನ್ ಡ್ರೈವ್

ಇವತ್ತು ಬೆಳಿಗ್ಗೆ ಕಣ್ಣಿಗೆ ಹಾಕುವ ಹನಿ ಔಷಧಿ ಹುಡುಕುತ್ತ ಮೇಜಿನ ಖಾನೆಗೆ ಕೈ ಹಾಕಿದರೆ ಒಂದು ಹಳೆಯ ಪೆನ್ ಡ್ರೈವ್ ಸಿಕ್ಕಿತು. ತೆಗೆದು ಮೂಸಿದೆ. ಪೆನ್ ಡ್ರೈವನ್ನು ಯಾರಾದರೂ ಮೂಸುತ್ತಾರೆಯೇ ಎಂದು ನಗಬೇಡಿ. ಇದು ಅರಸೀಕೆರೆಯ ನನ್ನ ಚಿಕ್ಕಮ್ಮನ ಮನೆಯ ಕೊಬ್ಬರಿ ಡಬ್ಬದಲ್ಲಿ ಬಹಳ ಕಾಲ ಇದ್ದದ್ದು. ಆ ವಾಸನೆ ಇನ್ನೂ ಹೋಗಿಲ್ಲ.

ಚಿಕ್ಕಮ್ಮ, ಅಂದರೆ ನನ್ನ ತಾಯಿಯ ತಂಗಿ, ಜಾವಗಲ್ಲಿನ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಓದುವ ಹುಚ್ಚು ಎಷ್ಟೆಂದರೆ, ಅಂಗಡಿಯಿಂದ ಕಡಲೆಕಾಯಿ ಕಟ್ಟಿಸಿಕೊಂಡು ಬಂದರೆ ಕಾಯಿ ಆಮೇಲೆ, ಪೊಟ್ಟಣದ ಕಾಗದ ಮೊದಲು. ಅಂಥವರ ಎರಡು ಕಣ್ಣಿನ ನಡುಭಾಗಕ್ಕೂ ಕತ್ತಲೆ ಕವಿಯಿತು. ಎದುರು ಬಂದವರ ಸೀರೆಯ ಅಂಚು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಕ್ಷರದ ಮಾತಂತೂ ಬಿಡಿ. ಕನ್ನಡಕದಿಂದ ಆಗುವಂಥದ್ದಲ್ಲ ಎಂದು ಹಾಸನದ ಡಾಕ್ಟರು ಕೈಚೆಲ್ಲಿದರು.

ಅಂದಿನಿಂದ ಚಿಕ್ಕಪ್ಪ ಕಾಫಿ ಹೊತ್ತಿಗೆ ಪೇಪರ್ ಓದಿ ಹೇಳುವ ಪರಿಪಾಠ ಇಟ್ಟುಕೊಂಡರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಆದರೆ ಹೆಂಡತಿ ಕೊರಗಬಾರದೆಂದು ಸಾವು ನೋವಿನ ಸುದ್ದಿಯನ್ನೆಲ್ಲ ಸದ್ದಿಲ್ಲದೆ ಹಾರಿಸಿಬಿಡುತ್ತಿದ್ದರು. ಚಿಕ್ಕಮ್ಮನಿಗೆ ಅದು ಗೊತ್ತಾಗುತ್ತಿತ್ತು. "ಇವರು ಓದೋ ಊರಲ್ಲಿ ಯಾರೂ ಸಾಯೋದೇ ಇಲ್ಲ ಕಣೋ" ಎಂದು ನನಗೆ ಫೋನಿನಲ್ಲಿ ಹೇಳಿದರು. ಕಣ್ಣು ಹೋದದ್ದಕ್ಕಿಂತ, ಯಾವುದನ್ನು ಓದಬೇಕು ಎನ್ನುವುದು ತಮ್ಮ ಕೈತಪ್ಪಿದ್ದೇ ಅವರಿಗೆ ದೊಡ್ಡ ಸಂಕಟ. ಕಂಪ್ಯೂಟರು ಓದಿ ಹೇಳುತ್ತದಂತೆ, ಬಂದು ನೋಡು ಎಂದರು.

ನಾನು ಹಳೇಬೀಡಿನ ಮೇಷ್ಟ್ರು. ಒಮ್ಮೆ ಶಾಲೆಯ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ ರಿಪೇರಿ ಮಾಡಿದ್ದರಿಂದ ನಮ್ಮ ವಂಶಕ್ಕೆಲ್ಲ ನಾನೇ ಕಂಪ್ಯೂಟರ್ ಪಂಡಿತ. ಹಾಳೂರಿಗೆ ಉಳಿದವನೇ ಗೌಡ! ಅವರ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದ, ಯಂತ್ರವನ್ನು ನಡೆಸುವ ವ್ಯವಸ್ಥೆ ಆಮೆಯ ಹಾಗೆ ತೆವಳುತ್ತಿತ್ತು, ಹೊಸದು ಅದರಲ್ಲಿ ಕೂರುತ್ತಿರಲಿಲ್ಲ. ಅಂಗಡಿಯವನು ಇದನ್ನು ಗುಜರಿಗೆ ಹಾಕಿ ಅಂದಿದ್ದನಂತೆ. ಲಿನಕ್ಸ್ ಎಂಬ, ಕಾಸಿಲ್ಲದೆ ಸಿಗುವ ಮುಕ್ತ ವ್ಯವಸ್ಥೆ ಹಳೇ ಯಂತ್ರದಲ್ಲೂ ಓಡುತ್ತದೆ ಎಂದು ಕೇಳಿದ್ದೆ. ಅದರಲ್ಲೂ ನೂರೆಂಟು ಬಗೆ. ಮೂರನ್ನು ಮೂರು ಪೆನ್ ಡ್ರೈವಿಗೆ ತುಂಬಿಕೊಂಡು ಜಾವಗಲ್ ಮೇಲಿನ ಬಸ್ಸು ಹತ್ತಿದೆ. ಇದರ ಒಂದು ಅನುಕೂಲವೆಂದರೆ, ಇರುವುದನ್ನು ಅಳಿಸದೆ ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು.

"ಪುಕ್ಕಟೆ ಕೊಡ್ತಾರೆ ಅಂದ್ರೆ ಏನೋ ಮಸಲತ್ತಿರಬೇಕು" ಎಂದರು ಚಿಕ್ಕಪ್ಪ. ಎಲ್ಲೆಲ್ಲಿಯವರೋ ಸೇರಿ ಬರೆದು, ಒಳಗಿನ ಬರವಣಿಗೆಯನ್ನೂ ಬಚ್ಚಿಡದೆ ಬಿಟ್ಟಿರುತ್ತಾರೆ, ಬಲ್ಲವರು ಯಾರು ಬೇಕಾದರೂ ತಿದ್ದಬಹುದು ಎಂದು ನಾನು ತಿಳಿದಷ್ಟು ವಿವರಿಸಿದೆ. ಚಿಕ್ಕಮ್ಮನಿಗೆ ತಕ್ಷಣ ಹಿಡಿಸಿತು. ಬೇಸಿಗೆಯ ಅರವಟ್ಟಿಗೆ ಇದ್ದ ಹಾಗೆ, ನೀರು ಕುಡಿದವರು ಇಟ್ಟವರ ಹೆಸರು ಕೇಳುತ್ತಾರೆಯೇ ಎಂದರು.

ಮೊದಲು ನನಗೆ ಬಲು ಮೆಚ್ಚುಗೆಯಾದದ್ದನ್ನು ಹಾಕಿದೆ. ತೆರೆಯ ಮೇಲೆ ಬೆಟ್ಟ, ಸರೋವರ, ಮುದ್ದಾದ ಗುರುತುಗಳು. ಎಷ್ಟು ಚೆನ್ನಾಗಿದೆ ನೋಡಿ ಎಂದೆ. ಹೌದು, ಕಣ್ಣಿಲ್ಲದವರಿಗೆ ನೋಡಿ ಎಂದೆ! ಚಿಕ್ಕಮ್ಮ ಬೇಸರಿಸಲಿಲ್ಲ. ತೆರೆಯ ಬೆಳಕನ್ನು ಪೂರ್ತಿ ಇಳಿಸಲು ಹೇಳಿದರು. ತೆರೆ ಕಪ್ಪಾಯಿತು.

"ಈಗ ಅದನ್ನ ಮಾತಾಡಿಸು."

ದನಿ ಹೊರಡಿಸುವ ಗುಂಡಿ ಎಲ್ಲಿದೆಯೆಂದು ಕಾಣದೆ ನಾನು ತಡಕಾಡಿದೆ. ದನಿ ಹುಡುಕುವುದಕ್ಕೇ ಕಣ್ಣು ಬೇಕೆನ್ನುವುದಾದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಚಿಕ್ಕಮ್ಮ ಅದನ್ನು ತೆಗೆಸಿದರು. ಅಟ್ಟದ ಕಾಯಿಯನ್ನು ಆರಿಸುವುದೂ ಅವರು ಹೀಗೆಯೇ. ವರ್ಷ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಎಂದರೆ ಸರಿ, ಇಲ್ಲವಾದರೆ ಮತ್ತೆ ಅಟ್ಟಕ್ಕೆ. ಸಿಪ್ಪೆಯ ಬಣ್ಣ ನೋಡಿ ಯಾರೂ ಕೊಬ್ಬರಿ ಒಡೆಯುವುದಿಲ್ಲ. ತಿಪಟೂರು ಅರಸೀಕೆರೆಯ ಸೀಮೆಯಲ್ಲಿ ಹುಟ್ಟಿಯೂ ಇಷ್ಟು ನನಗೆ ಹೊಳೆದಿರಲಿಲ್ಲ.

ಎರಡನೆಯದು ಮಾತಾಡಿತು, ಆದರೆ ಇಂಗ್ಲಿಷ್ ಮಾತ್ರ. ಕನ್ನಡ ಬಂದರೆ ಬಾಯಿಗೆ ಬೀಗ. ಮೂರನೆಯದರ ರೂಪ ಗೋಡೆಗೆ ಸುಣ್ಣ ಬಳಿದಷ್ಟೇ ಸಪ್ಪೆ. ಅದರಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಸಾಕು, ಮೂಗಿನಲ್ಲಿ ಕನ್ನಡ ಶುರುವಾಯಿತು. ನೆಗಡಿಯಾದ ಪುರೋಹಿತರಂಥ ದನಿ. ಚಿಕ್ಕಮ್ಮನ ಮುಖ ಅರಳಿತು. ಅವತ್ತಿನ ಪೇಪರನ್ನು ಇಂಟರ್ನೆಟ್ಟಿನಲ್ಲಿ ತೆರೆಯಲು ಹೇಳಿ, ತಾವೇ ಬಾಣದ ಕೀಲಿ ಒತ್ತುತ್ತ ಸಾಲು ಸಾಲಾಗಿ ಇಳಿದರು. ಸ್ವಲ್ಪ ಹೊತ್ತಿಗೆ ಆ ಮೂಗಿನ ದನಿ, ಜಾವಗಲ್ಲಿನ ಕಮಲಾಕ್ಷಿ ಟೀಚರ ವೈಕುಂಠ ಸಮಾರಾಧನೆ ನಾಳೆ ಎಂದು ಓದಿತು.

ಒಂದೇ ಸ್ಟಾಫ್ ರೂಮಿನಲ್ಲಿ ಬುತ್ತಿ ಹಂಚಿಕೊಂಡು ಉಂಡ ಗೆಳತಿ. ತೀರಿಹೋದ ಸುದ್ದಿಯನ್ನು ಚಿಕ್ಕಪ್ಪ ಹಾರಿಸಿದ್ದರು. ಅವರು ಕಾಫಿ ಲೋಟ ಹಿಡಿದು ನೆಲ ನೋಡುತ್ತ ಕೂತರು. ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದರು:

"ನಂಗೆ ನೋವಾಗುತ್ತೆ ಅಂತ ಬಿಟ್ರಿ, ಗೊತ್ತು. ಆದ್ರೆ ಆ ಅಳು ನನ್ನದು ಕಣ್ರೀ. ಅದನ್ನ ನೀವು ಇಟ್ಕೋಬಾರದಿತ್ತು."

ಮಾರನೆಯ ದಿನ ಇಬ್ಬರೂ ಜಾವಗಲ್ಲಿಗೆ ಹೋಗಿಬಂದರು. ಆ ಸಪ್ಪೆ ಮುಖದ ವ್ಯವಸ್ಥೆಯೇ ಲ್ಯಾಪ್‌ಟಾಪಿಗೆ ಗಟ್ಟಿಯಾಯಿತು. ಚಿಕ್ಕಪ್ಪ ಪೇಪರ್ ಓದುವುದನ್ನು ಬಿಡಲಿಲ್ಲ, ಚಿಕ್ಕಮ್ಮ ಬಿಡಿಸಲೂ ಇಲ್ಲ. ಈಗ ಚಿಕ್ಕಪ್ಪ ನಿಧನದ ಕಾಲಂ ಓದಿದ ಮೇಲೆಯೇ ರಾಜಕೀಯಕ್ಕೆ ಬರುತ್ತಾರೆ. ಆ ಮೂರನೆಯ ಪೆನ್ ಡ್ರೈವನ್ನು ಚಿಕ್ಕಮ್ಮ ವಾಸನೆಯಿಂದಲೇ ಪತ್ತೆಯಾಗಲೆಂದು ಕೊಬ್ಬರಿ ಡಬ್ಬದಲ್ಲಿ ಇಟ್ಟಿದ್ದರು. ಮುಂದೊಮ್ಮೆ ಹೋದಾಗ ನನ್ನ ಕೈಗೆ ಕೊಟ್ಟು, ನಿಂದೂ ನಮ್ಮ ಮನೆತನದ ಕಣ್ಣು ಕಣೋ, ಇರಲಿ ಎಂದರು. ನಾನು ನಕ್ಕು ಜೇಬಿಗೆ ಹಾಕಿಕೊಂಡೆ.

ಹೋದ ವಾರ ಅದೇ ಹಾಸನಕ್ಕೆ ಹೋಗಿದ್ದೆ. ಡಾಕ್ಟರು ನನಗೂ ಚಿಕ್ಕಮ್ಮನ ಕಣ್ಣಿನ ಕಾಯಿಲೆಯೇ ಶುರುವಾಗಿದೆ ಎಂದರು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಈಗ ಬೆಳಿಗ್ಗೆ ಕಣ್ಣುರಿಗೆಂದು ಅವರು ಕೊಟ್ಟ ಹನಿ ಹಾಕಿಕೊಂಡು ಮಂಜುಗಣ್ಣಲ್ಲಿ ಕೂತರೆ ನನ್ನ ಹೆಂಡತಿ ಪೇಪರ್ ಓದುತ್ತಾಳೆ. ಇವತ್ತು ಆರೋಗ್ಯದ ಪುಟಕ್ಕೆ ಬಂದವಳು ತಟ್ಟನೆ ಮಗುಚಿದಳು. ಏನು ಬಿಟ್ಟೆ ಎಂದೆ. ಏನಿಲ್ಲ, ಜಾಹೀರಾತು ಎಂದಳು.

ನಾನು ನನ್ನ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಚುಚ್ಚಿ, ಅದರಿಂದಲೇ ಓಡಿಸಿದೆ. ತೆರೆಯ ಬೆಳಕು ಇಳಿಸಿ, ಕಣ್ಣು ಮುಚ್ಚಿ, ತಡವಿ ತಡವಿ ಮೂರು ಕೀಲಿ ಒತ್ತಿದೆ. ನೆಗಡಿಯ ಪುರೋಹಿತರು ಎದ್ದರು. ಅವಳಿಗೆ ಚಿಕ್ಕಮ್ಮನ ಕಥೆ ಗೊತ್ತು. ಪುಟ ಹಿಂದಕ್ಕೆ ಮಗುಚಿದ ಸದ್ದು ಕೇಳಿಸಿತು.

"ಅದನ್ನ ನಿಲ್ಲಿಸಿ. ಕಣ್ಣಿನ ಬಗ್ಗೆ ಬರೆದಿದ್ದಾರೆ. ನಾನೇ ಓದ್ತೀನಿ."

ಓದುತ್ತ ಓದುತ್ತ ಅವಳ ದನಿ ಎರಡು ಕಡೆ ನಡುಗಿತು. ಒಂದು ಸಾಲನ್ನೂ ಬಿಡಲಿಲ್ಲ.