ಏರನ್ನು ಬಿಟ್ಟು ಹಾಕಿದ ಲೆಕ್ಕ

ಕಾರು ಹಿಂದಕ್ಕೆ ಜಾರಿದ್ದು ಹನ್ನೊಂದು ಅಡಿ. ಎರಡು ದಿನ ಬಿಟ್ಟು ಟೇಪು ಹಿಡಿದುಕೊಂಡು ಹೋಗಿ ನಾನೇ ಅಳೆದೆ. ಟೈರು ಉಜ್ಜಿದ ಗುರುತು ರಸ್ತೆಯ ಮೇಲೆ ಇನ್ನೂ ಇತ್ತು. ಅಳೆದು ಆಗುವುದೇನೂ ಇರಲಿಲ್ಲ. ಆದರೆ ಆ ಎರಡು ದಿನ ಅದು ನನಗೆ ಒಮ್ಮೆ ಐದಡಿ ಅನ್ನಿಸುತ್ತಿತ್ತು, ಒಮ್ಮೆ ಐವತ್ತು.

ಕಾರು ನನ್ನದಲ್ಲ. ನಾಸಿಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನನ್ನ ಇನ್‌ಸ್ಪೆಕ್ಟರ್ ಆಗಿದ್ದವರದು. ಅವರು ವಿಜಯಪುರದ ಕಡೆಯವರು, ನಾನು ಗದಗಿನವನು. ಇಪ್ಪತ್ತಾರು ವರ್ಷ ನಾನು ಗೇರಿನ ಹಲ್ಲು ಕತ್ತರಿಸಿದೆ, ಅವರು ಪರೀಕ್ಷಿಸಿದರು. ಮಾಡಿದವನ ಸಹಿ ಒಂದು, ನೋಡಿದವನ ಸಹಿ ಒಂದು. ಎರಡೂ ಬೀಳದೆ ಯಾವ ಭಾಗವೂ ಬಾಗಿಲು ದಾಟುತ್ತಿರಲಿಲ್ಲ. ನಿವೃತ್ತರಾದ ಮೇಲೆ ಇಬ್ಬರೂ ನಾಸಿಕದಲ್ಲೇ ಉಳಿದೆವು. ಈಗಲೂ ನಾನು ಅವರನ್ನು ಸರ್ ಎಂದೇ ಕರೆಯುತ್ತೇನೆ, ಅವರ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎಂದು.

ಅದು ಎರಡೇ ಸೀಟಿನ, ಮೇಲಿನ ಬಟ್ಟೆ ಮಡಚುವ ಹಳೆಯ ಸ್ಪೋರ್ಟ್ಸ್ ಕಾರು. ಎಡಗಡೆಯ ಸೀಟು ವೈನಿಯದು. ಸೆರಗು ಹೊದ್ದು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ ಊರು ಬರುವವರೆಗೆ ಅಲ್ಲಾಡುತ್ತಿರಲಿಲ್ಲ. ಬೇರೆ ಯಾರನ್ನೂ ಸರ್ ಅಲ್ಲಿ ಕೂಡಿಸಿದ್ದನ್ನು ನಾನು ನೋಡಿಲ್ಲ.

ಮೊದಲನೆಯ ಗೇರಿನ ಹಲ್ಲುಗಳು ಮುರಿದವು. ಆ ಕಾಲದ ಭಾಗ ಎಲ್ಲಿಯೂ ಸಿಗಲಿಲ್ಲ. ಸಂಭಾಜಿನಗರದ ವಾಳೂಜಿನಲ್ಲಿ ಒಂದು ವರ್ಕ್‌ಶಾಪು ಹೊಸದಾಗಿ ಕತ್ತರಿಸಿಕೊಡಲು ಒಪ್ಪಿತು. ಎಷ್ಟು ಹಲ್ಲು ಎಂಬುದನ್ನು ನಾವು ಬರೆದು ಕೊಡಬೇಕಿತ್ತು.

"ಹೊಸಾದು ಮಾಡಿಸೂದಾದ್ರ ಮತ್ತ ಅದ ಲಾರಿ ಗೇರ್ ಯಾಕೋ?" ಎಂದರು ಸರ್. "ರೇಸ್ ಗಾಡಿಯಾಗ ಇರ್ತಾವಲ್ಲ, ಒಂದಕ್ಕೊಂದು ಹತ್ತಿಕೊಂಡಿರೂವು, ಹಂಗ ಮಾಡು."

ಅವರ ಮಾತಿನಲ್ಲಿ ಅರ್ಥವಿತ್ತು. ಹಳೆಯ ಮೊದಲ ಗೇರಿನಲ್ಲಿ ಎಂಜಿನ್ 3.4 ಸುತ್ತು ತಿರುಗಿದರೆ ಹಿಂದಿನ ಶಾಫ್ಟು ಒಂದು ಸುತ್ತು ತಿರುಗುತ್ತಿತ್ತು, ಎರಡನೆಯದರಲ್ಲಿ 2.1. ನಡುವೆ ದೊಡ್ಡ ಕಂದಕ. ಐದು ಸಾವಿರ ಸುತ್ತಿನಲ್ಲಿ ಗೇರು ಬದಲಿಸಿದರೆ ಎಂಜಿನ್ ಮೂರು ಸಾವಿರಕ್ಕೆ ಕುಸಿದು ಮುಗ್ಗರಿಸುತ್ತಿತ್ತು. ಮೊದಲನೆಯದನ್ನು 2.6 ಮಾಡಿದರೆ ನಾಲ್ಕು ಸಾವಿರದಲ್ಲೇ ನಿಲ್ಲುತ್ತದೆ, ಓಟ ತುಂಡಾಗುವುದಿಲ್ಲ. ಬದಲಿಗೆ ನಿಂತಲ್ಲಿಂದ ಎಳೆಯುವ ಬಲ ಹೆಚ್ಚುಕಡಿಮೆ ಕಾಲು ಪಾಲು ಹೋಗುತ್ತದೆ. ಅದು ನನಗೆ ಗೊತ್ತಿತ್ತು. ಸಮತಟ್ಟು ರಸ್ತೆಗೆ ಸಾಕೇ ಎಂದು ಲೆಕ್ಕ ಹಾಕಿದೆ, ಸಾಕಾಯಿತು. ಏರಿನ ಲೆಕ್ಕ ಹಾಕಲಿಲ್ಲ. ಏನಾದರೂ ಬಿಟ್ಟಿದ್ದರೆ ಸರ್ ಹಿಡಿಯುತ್ತಾರೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಅವರು ನೋಡದೆ ಯಾವುದೂ ದಾಟಿರಲಿಲ್ಲ. ಸಹಿ ಮಾಡಿ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಓದದೆ ಸಹಿ ಮಾಡಿದರು. ಆಗ ಅವರೇನು ಅಂದುಕೊಂಡರೆಂದು ಆಮೇಲೆ ಹೇಳಿದರು: "ನೀ ತಪ್ಪಿದ್ದು ನಾ ನೋಡೇ ಇಲ್ಲಲೋ."

ವಾಳೂಜಿನಲ್ಲಿ ಗೇರು ಜೋಡಿಸಿದ ದಿನವೇ ಅಲ್ಲಿಂದ ವೇರೂಳದ ದೇವರ ದರ್ಶನಕ್ಕೆ ಹೊರಟರು. ವೈನಿ ತಮ್ಮ ಸೀಟಿನಲ್ಲಿ ಕೂತರು. ದೌಲತಾಬಾದ್ ದಾಟಿದ ಮೇಲಿನ ಘಾಟಿಯಲ್ಲಿ ಗೇರು ಬದಲಾಗುವ ಸಪ್ಪಳ ಕೇಳಬೇಕೆಂದು ನಾನು ನನ್ನ ಕಾರಿನಲ್ಲಿ ಮುಂದೆ ಹೋಗಿ, ತಿರುವಿನಲ್ಲಿ ಸೀತಾಫಲ ಮಾರುವವಳ ಪಕ್ಕ ನಿಂತೆ. ಕಾರು ಬಂತು. ಸಪ್ಪಳ ನಾನು ಬಯಸಿದಂತೆಯೇ ಇತ್ತು. ಅಷ್ಟರಲ್ಲಿ ಮೇಲಿನಿಂದ ಬಸ್ಸೊಂದು ಇಡೀ ರಸ್ತೆ ಹಿಡಿದು ತಿರುಗಿತು, ಸರ್ ನಿಲ್ಲಿಸಬೇಕಾಯಿತು. ಬಸ್ಸು ಹೋಯಿತು. ಸರ್ ಮತ್ತೆ ಹೊರಡಿಸಿದರು. ಕಾರು ಒಂದು ಗೇಣು ಮುಂದೆ ಬಂತು, ನಡುಗಿತು. ಕ್ಲಚ್ ಸುಟ್ಟ ವಾಸನೆ ಬಂತು. ಎಂಜಿನ್ ನಿಂತಿತು. ಹ್ಯಾಂಡ್‌ಬ್ರೇಕು ಎಳೆದರು, ಹಿಡಿಯಲಿಲ್ಲ. ಹಿಂದಕ್ಕೆ ಹೊರಟಿತು.

"ಅಹೋ ಕಾಕಾ, ಬ್ರೇಕ್ ದಾಬಾ, ಬ್ರೇಕ್!" ಬ್ರೇಕ್ ಒತ್ತಿ ಎಂದು ಹಣ್ಣಿನವಳು ಮರಾಠಿಯಲ್ಲಿ ಕಿರುಚಿದಳು. ಕ್ಲಚ್ಚು, ಆಕ್ಸಿಲರೇಟರಿನ ಮೇಲಿದ್ದ ಸರ್ ಅವರ ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಕಾರು ಓರೆಯಾಗಿತ್ತು, ಬ್ರೇಕು ಹಿಡಿದು ಕಣಿವೆಯ ಕಟ್ಟೆಗೆ ಒಂದು ಗೇಣು ಉಳಿಸಿ ನಿಂತಿತು. ವೈನಿಯ ಎರಡೂ ಕೈ ಚೀಲದ ಹಿಡಿಕೆಯ ಮೇಲೇ ಇದ್ದವು.

"ಗಾಡೀ ಮ್ಹಾತಾರೀ, ಡ್ರೈವರ್ ಮ್ಹಾತಾರಾ," ಎಂದಳು ಹಣ್ಣಿನವಳು. ಗಾಡಿಯೂ ಮುದಿ, ಓಡಿಸುವವನೂ ಮುದಿ. ಹೆದರಿದ್ದಕ್ಕೆ ಬೈಯುತ್ತಿದ್ದಳು, ಅಷ್ಟೆ.

ವೈನಿ ಇಳಿದರು. "ನಾ ಇನ್ನ ಇದರಾಗ ಕೂಡಂಗಿಲ್ಲ," ಎಂದರು. ದನಿ ಏರಿಸಲಿಲ್ಲ. ನನ್ನ ಕಾರಿನಲ್ಲಿ ನಾಸಿಕದವರೆಗೆ ಬಂದರು.

ಹ್ಯಾಂಡ್‌ಬ್ರೇಕಿನ ತಂತಿ ಸಡಿಲವಾಗಿತ್ತು, ನಿಜ. ತಪ್ಪನ್ನೆಲ್ಲ ಅದರ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಮರುವಾರ ಅವರ ಮನೆಗೆ ಹೋಗಿ ಇಬ್ಬರ ಮುಂದೆಯೂ ಲೆಕ್ಕದ ಹಾಳೆ ಇಟ್ಟು, ನಾನು ಏನು ಬಿಟ್ಟಿದ್ದೆ ಎಂದು ತೋರಿಸಿದೆ. ವೈನಿ ಹಾಳೆ ತಿರುಗಿಸಿ ಕೆಳಗಿನ ಎರಡು ಸಹಿಗಳನ್ನು ಬಹಳ ಹೊತ್ತು ನೋಡಿದರು.

"ಅವರು ನೋಡ್ತಾರಂತ ನೀವು ಬಿಟ್ರಿ, ನೀವು ನೋಡೀರಿ ಅಂತ ಅವರು ಬಿಟ್ರು. ಒಳಗ ಕೂತಾಕಿ ನಾ."

ನಾನು ಹೊರಟಾಗ ಸರ್ ಗೇಟಿನವರೆಗೆ ಬಂದು, "ಆಕಿ ಕೂಡದ ಗಾಡಿ ನನಗ್ಯಾತಕ್ಕೋ," ಎಂದರು.

ಎರಡನೆಯ ಸಲ ಗೇರು ಮಾಡಿಸಲು ಹೊರಟಾಗ ಸರ್ 3.0 ಎಂದರು, ನಡುವಿನ ದಾರಿ. ನಾನು ಏರಿನ ಲೆಕ್ಕ ಹಾಕಿ 3.4 ಎಂದೆ. ಎರಡು ವಾರ ವಾದ ನಡೆಯಿತು, ಇಬ್ಬರಿಗೂ ಸಾಕಾಗಿತ್ತು. ಕೊನೆಗೆ ಹಳೆಯ 3.4 ಅನ್ನೇ ಮಾಡಿಸಿದೆವು. ಹ್ಯಾಂಡ್‌ಬ್ರೇಕಿಗೆ ಹೊಸ ತಂತಿ ಹಾಕಿಸಿದೆವು. ಎಡ ಸೀಟಿನ ಮೇಲೆ ಎರಡು ಅಕ್ಕಿ ಚೀಲ ಕಟ್ಟಿ ಸರ್ ಅದೇ ಘಾಟಿಯಲ್ಲಿ ಮೂರು ಸಲ ನಿಲ್ಲಿಸಿ ಹೊರಡಿಸಿದರು. ಮೂರು ಸಲವೂ ಏರಿತು. ಅದನ್ನು ಹೇಳಿದರೆ ವೈನಿ, "ಅಕ್ಕಿ ಚೀಲಕ್ಕ ಅಂಜಿಕಿ ಇರೂದಿಲ್ಲ ನೋಡ್ರಿ," ಎಂದರು.

ಬಿಟ್ಟುಹೋದ ದರ್ಶನಕ್ಕೆಂದು ಚಳಿಗಾಲದಲ್ಲಿ ಮತ್ತೆ ಹೊರಟೆವು. ದೌಲತಾಬಾದಿನವರೆಗೆ ವೈನಿ ನನ್ನ ಕಾರಿನಲ್ಲಿದ್ದರು. ಏರಿನ ಬುಡದಲ್ಲಿ ನಿಲ್ಲಿಸಲು ಹೇಳಿ ಇಳಿದರು. ನಡೆದು ಹತ್ತುತ್ತೇನೆ ಎಂದರು. ನಾನೂ ಕಾರನ್ನು ಅಲ್ಲೇ ಬಿಟ್ಟು ಜೊತೆಗೆ ನಡೆದೆ. ಸರ್ ತಮ್ಮ ಕಾರಿನಲ್ಲಿ ನಮ್ಮನ್ನು ದಾಟಿ ಮೇಲೆ ಹೋದರು, ನಮ್ಮ ಕಡೆ ನೋಡಲಿಲ್ಲ.

"ಸಪ್ಪಳ ಬ್ಯಾರೆ ಐತಿ."

"ಹೌದ್ರಿ ವೈನಿ. ಮೊದಲಿನಂಗ ಮಾಡೇವ್ರಿ."

"ಏರಿನ ಲೆಕ್ಕ ಹಾಕೀರಿ ಈ ಸಲ?"

"ಹಾಕೀನ್ರಿ."

"ಅವರು ನೋಡ್ಯಾರ?"

"ನೋಡ್ಯಾರ್ರಿ. ಎರಡು ತಪ್ಪು ಹಿಡದ್ರು."

"ಎರಡ?" ಎಂದು ನಿಂತು ನನ್ನ ಮುಖ ನೋಡಿದರು. ಆಮೇಲೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಮತ್ತೆ ಹತ್ತತೊಡಗಿದರು.

ಮೇಲೆ ರಸ್ತೆ ಸಮತಟ್ಟಾದಲ್ಲಿ ಕಾರು ನಿಂತಿತ್ತು. ಸರ್ ಎಡಗಡೆಯ ಬಾಗಿಲು ತೆಗೆದು ಹಿಡಿದಿದ್ದರು.

"ಮುಂದ ಮತ್ತ ಏರು ಐತೇನ್ರಿ?" ಎಂದು ವೈನಿ ಅವರನ್ನು ಕೇಳಿದರು.

"ಒಂದು ಐತಿ. ಸಣ್ಣದು."

"ಹಂಗಾರ ಅಲ್ಲಿ ನಿಲ್ಲಸ್ರಿ. ಇಳೀತೀನಿ."

ಕೂತರು. ಸರ್ ಸುತ್ತಿಬಂದು ಕೂತು, ಮೊದಲನೆಯ ಗೇರು ಹಾಕಿ, ಬಹಳ ಮೆಲ್ಲಗೆ ಹೊರಟರು. ನನ್ನ ಕಾರು ಕೆಳಗೇ ಉಳಿದಿತ್ತು. ಮೊಣಕಾಲು ನೋಯುತ್ತಿದ್ದವು, ಸ್ವಲ್ಪ ಹೊತ್ತು ನಿಂತು, ಇಳಿಯತೊಡಗಿದೆ.