ದೊಣೆಯನ್ನು ಹೊರಗಿಟ್ಟ ಗೆರೆ

ಮುನಿಯಮ್ಮ, ಸುಳ್ಳು ನಕ್ಷೆಯ ಮೇಲೆ ನಿನ್ನ ಹೆಬ್ಬೆಟ್ಟು ಒತ್ತಿಸಿದವನು ನಾನು. ಗೊತ್ತಿದ್ದೇ ಒತ್ತಿಸಿದೆ. ಹತ್ತು ವರ್ಷ ಬಾಯಿ ಬಿಡಲಿಲ್ಲ.

ಐವತ್ತೆಂಟರ ಫೆಬ್ರವರಿ, ಬುಧವಾರ, ಬೆಳಿಗ್ಗೆ ಏಳೂವರೆ. ಚಿಕ್ಕಬಳ್ಳಾಪುರದಾಚೆಯ ಬೆಟ್ಟದ ಬುಡ. ಹಾಜರಿದ್ದವರು — ಸರ್ಕಾರದ ಪರವಾಗಿ ಸಾಹೇಬರು, ಸರ್ವೆಯವನಾದ ನಾನು, ಇರುಳಿಗರ ಹಿರಿಯಳಾದ ನೀನು, ನಿನ್ನ ಹಿಂದೆ ನಿಮ್ಮ ಹಟ್ಟಿಯ ಜನ. ಕರಾರು ಇಷ್ಟು: ಮೇಲಿನ ಕಾಡನ್ನು ನೀವು ಸರ್ಕಾರಕ್ಕೆ ಬಿಡಬೇಕು, ಬದಲಿಗೆ, ನಿಮ್ಮ ಪದ್ಧತಿಯಂತೆ ಹಿರಿಯರು ತಲೆಯ ಮೇಲೆ ಮಣ್ಣು ಹೊತ್ತು ಸುತ್ತಿ ಬಂದಷ್ಟು ನೆಲ ನಿಮ್ಮದು. ಸಾಹೇಬರು ಒಪ್ಪಿಬಿಟ್ಟಿದ್ದರು! ಇಂಥ ಒಪ್ಪಂದವನ್ನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ — ಹಿಂದಿನ ರಾತ್ರಿ ನಿದ್ದೆಯೂ ಬಂದಿರಲಿಲ್ಲ.

ಎಷ್ಟು ಬಿರುಸಾಗಿ ನಡೆದೆ ನೀನು! ಅಳತೆಯ ಸರಪಳಿ ಹಿಡಿದ ನಾನು ಹಿಂದೆ ಬಿದ್ದೆ. "ಮಣ್ಣು ಹೊತ್ತಿರೋಳು ನಾನು, ಏದುಸ್ರು ನಿಂದಾ ಸಾಮಿ?" ಎಂದು ನೀನು ಕೂಗಿದೆ. ಜನವೆಲ್ಲ ನಕ್ಕಿತು, ಸಾಹೇಬರೂ ನಕ್ಕರು. ಬಂಡೆಯ ನಡುವೆ ಬೇಸಗೆಯಲ್ಲೂ ಬತ್ತದ ನೀರಿನ ದೊಣೆ ಬಂತು. ಅದನ್ನು ಒಳಗಿಟ್ಟುಕೊಂಡು ನೀನು ದೊಡ್ಡದಾಗಿ ಬಳಸಿ ಬಂದೆ; ಮಕ್ಕಳು ಕೇಕೆ ಹಾಕಿದರು.

ಆದರೆ ನಕ್ಷೆ — ಅದನ್ನು ನಾನು ಹಿಂದಿನ ಸಂಜೆಯೇ ಶಾಯಿಯಲ್ಲಿ ಬರೆದು ಮುಗಿಸಿದ್ದೆ. ನನ್ನ ಕೆಲಸ ಒಂದು ದಿನವೂ ತಡವಾಗಬಾರದಲ್ಲ... ನೀನು ಎಲ್ಲಿ ತಿರುಗುವೆಯೆಂದು ಹಳೆಯ ಅಳತೆ ನೋಡಿ ನಾನೇ ನಿರ್ಧರಿಸಿದ್ದೆ. ನನ್ನ ಗೆರೆ ದೊಣೆಯ ಈಚೆಗೇ ತಿರುಗಿತ್ತು. ಹೊಸದಾಗಿ ಬರೆಯಲು ಇನ್ನೊಂದು ದಿನ ಸಾಕಿತ್ತು. ಕೇಳಿದ್ದರೆ ಸಾಹೇಬರು ಕೊಡುತ್ತಿದ್ದರು — ನಾನು ಕೇಳಲಿಲ್ಲ.

"ದೊಣೆ ಒಳಗೈತಾ ಸಾಮಿ?" ಎಂದು ಕೇಳಿದವಳು ನೀನು.

"ಒಳಗೇ ಇದೆ ಕಣಮ್ಮ, ಹೆಬ್ಬೆಟ್ಟು ಹಾಕು" ಎಂದವನು ನಾನು.

ಮರುವರ್ಷ ದೊಣೆಯ ಸುತ್ತ ಮುಳ್ಳುತಂತಿ ಬಿತ್ತು. ನಿಮ್ಮ ಹೆಂಗಸರು ರಸ್ತೆಯಲ್ಲಿ ನೀರು ಹೊತ್ತು ಹೋಗುವುದನ್ನು ಎಷ್ಟೋ ಸಲ ಬಸ್ಸಿನಿಂದ ಕಂಡಿದ್ದೇನೆ. ಕಂಡು, ಆಚೆ ಕಿಟಕಿಯ ಕಡೆ ತಿರುಗಿದ್ದೇನೆ.

ಇವತ್ತು ಐದಕ್ಕೆ ಎದ್ದು ಅಳತೆ ಪುಸ್ತಕ ತೆಗೆದೆ. ನೀನು ನಡೆದ ಒಂದೊಂದು ಸರಪಳಿಯೂ ಅದರಲ್ಲಿದೆ! ಒಂದೇ ಉಸಿರಿಗೆ ಸರಿಯಾದ ನಕ್ಷೆ ಬರೆದೆ, ಜೊತೆಗೆ ನನ್ನ ತಪ್ಪೊಪ್ಪಿಗೆ. ಹನ್ನೊಂದಕ್ಕೆ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಮಧ್ಯಾಹ್ನ ನಿನ್ನ ಬಾಗಿಲಲ್ಲಿ ನಿಂತು ಅದರ ಪ್ರತಿಯನ್ನು ಓದಿ ಹೇಳಿದೆ.

ನೀನು ಕೇಳಿದೆ: "ಅಷ್ಟು ವರ್ಸ ನಿಂಗೆ ನೀರೆಂಗೆ ಇಳೀತು ಸಾಮಿ ಗಂಟ್ಲಲ್ಲಿ?"

ಇಳಿಯಿತು, ಮುನಿಯಮ್ಮ. ದಿನವೂ ಇಳಿಯಿತು.

ನಿನ್ನ ಸೊಸೆ ನೀರಿಗೆ ಹೊರಟಳು. ಇನ್ನೊಂದು ಬಿಂದಿಗೆ ನಾನು ಎತ್ತಿಕೊಂಡೆ. ಎರಡು ಮೈಲಿ ಹೋಗಿ, ಎರಡು ಮೈಲಿ ಬಂದು, ಸಂಜೆ ಆರಕ್ಕೆ ಅದನ್ನು ನಿನ್ನ ಹೊಸ್ತಿಲ ಬಳಿ ಇಳಿಸಿದೆ.